ತಟ್ಟೆಯ ಮೇಲಿನ ಗೀಟು

ಅರವತ್ತನಾಲ್ಕು ತುಂಬಿದ ಮೇಲೆ ಜಯರಾಮಪ್ಪನಿಗೆ ಹುಚ್ಚು ಹಿಡಿಯಿತೆಂದು ಮೈಸೂರು ಮೈನ್ಸ್ ಎಂಬ ಗಣಿಯ ಕೆಲಸಗಾರರಿಗೆಂದು ಕಟ್ಟಿದ ಆ ಸಾಲುಮನೆಗಳ ಲೈನಿನವರೆಲ್ಲ ಒಪ್ಪಿಕೊಂಡಿದ್ದಾರೆ. ಆ ಹುಚ್ಚಿನ ಹೆಸರು ಸ್ಕ್ರೋಲ್ ಸಾ. ದಾರದಷ್ಟು ಸಣ್ಣ ಗರಗಸವೊಂದು ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ಹೇಗೆ ತಿರುಗಿಸಿದರೆ ಹಾಗೆ ಕುಯ್ಯುತ್ತದೆ. ಬಂಗಾರಪೇಟೆಯ ಪ್ಲೈವುಡ್ ಅಂಗಡಿಯಲ್ಲಿ ಕೆಲಸಕ್ಕಿರುವ ಅಳಿಯ ಚಲಪತಿ, ಯಾರೋ ಬೇಡವೆಂದು ಬಿಟ್ಟುಹೋದ ಮಿಷನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದುಕೊಟ್ಟ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದನಂತೆ.

ಜಯರಾಮಪ್ಪ ಹದಿನೆಂಟು ವರ್ಷ ಚಿನ್ನದ ಗಣಿಯ ಒಳಗೆ ಬಂಡೆ ಕೊರೆದವನು. ಗಣಿ ಮುಚ್ಚಿದ ಮೇಲೆ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಮರದ ಕಾರ್ಖಾನೆಯೊಂದರ ಗೇಟು ಕಾಯ್ದವನು. ಗೇಟಿನಲ್ಲಿ ಕೂತು ಒಳಗಿನವರು ಮರ ಕುಯ್ಯುವುದನ್ನು ನೋಡಿ ನೋಡಿ ಅವನ ಕೈ ತುರಿಸುತ್ತಿತ್ತು. ಈಗ ಬಿಡುವು ಸಿಕ್ಕಿತ್ತು, ಮಿಷನ್ನೂ ಸಿಕ್ಕಿತ್ತು. ಮೊದಲ ವಾರವೇ ಏಳು ತುಂಡಿನ ಆನೆಯೊಂದನ್ನು ಕುಯ್ದ. ಬಿಡಿಸಿ ಜೋಡಿಸುವ ಆ ಆಟಿಕೆಯನ್ನು ಅಂಗನವಾಡಿಯ ಸುಮಲತ ಮೇಡಂ ನೋಡಿ, "ಮಕ್ಕಳಿಗೆ ಇಂಥವು ಹತ್ತು ಬೇಕಲ್ಲ" ಅಂದರು. ಜಯರಾಮಪ್ಪ ಆ ದಿನ ಎರಡು ಮುದ್ದೆ ಹೆಚ್ಚು ಉಂಡ.

ಸಂತೋಷವಾಗದವಳು ಒಬ್ಬಳೇ, ಹೆಂಡತಿ ಮಾರಿಯಮ್ಮ. ಅವಳು ಅವನಿಗೆ ಸೋದರಮಾವನ ಮಗಳೂ ಹೌದು. ಅವಳಣ್ಣ ಮುನಿಸ್ವಾಮಪ್ಪನೂ ಗಣಿಯಲ್ಲಿದ್ದವನು. ಕಲ್ಲಿನ ಧೂಳು ಎದೆಗೆ ಸೇರಿ ನಾಲ್ಕು ವರ್ಷ ಕೆಮ್ಮಿ ಕೆಮ್ಮಿ ಸತ್ತಿದ್ದ. ಪಕ್ಕದ ಕೋಣೆಯಲ್ಲಿ ಮಲಗಿ ಆ ಕೆಮ್ಮನ್ನೆಲ್ಲ ಕೇಳಿಸಿಕೊಂಡವಳು ಇವಳು. ಆನೆ ಕುಯ್ದ ಸಂಜೆ ಗಂಡನ ಹುಬ್ಬಿನ ಮೇಲೆ ಮರದ ಪುಡಿ ಕಂಡಾಗ ಅವಳಿಗೆ ನಿಜವಾಗಿ ಭಯವಾಯಿತು.

"ಬಾವ, ಇನ್ನೊಂದ್ ಸಲ ಆ ಕೆಮ್ಮು ಕೇಳೋ ಸಕ್ತಿ ನಂಗಿಲ್ಲ. ದೂಳಿಲ್ದಂಗೆ ಕುಯ್ಯೋದಾದ್ರೆ ಕುಯ್ಯಿ. ಇಲ್ಲಾಂದ್ರೆ ಬಾನುವಾರ ಗುಜರಿಯೋನು ಬತ್ತಾನೆ, ಎತ್ಕೊಟ್ಬುಡ್ತೀನಿ."

ಬರೀ ಮಾತಲ್ಲ. ದಿನಾ ಬೆಳಿಗ್ಗೆ ಒಂದು ಸ್ಟೀಲಿನ ಊಟದ ತಟ್ಟೆ ತೊಳೆದು ಒರೆಸಿ ಒಳಕೋಣೆಯ ಗೂಡಿನಲ್ಲಿ ಇಡುವಳು. ಸಂಜೆ ಬೆರಳಿನಿಂದ ಎಳೆದಾಗ ಗೀಟು ಮೂಡಬಾರದು. ಭಾನುವಾರವೂ ಮೂಡಿದರೆ ಮಿಷನ್ನು ಗುಜರಿಗೆ. ಕೋರ್ಟಿನಲ್ಲಾದರೆ ವಾಯಿದೆ ಕೇಳಬಹುದು, ಮಾರಿಯಮ್ಮನ ಹತ್ತಿರ ಅದೂ ಇಲ್ಲ.

ಮಂಗಳವಾರ ಜಯರಾಮಪ್ಪ ಮಿಷನ್ನನ್ನು ಅಂಗಳಕ್ಕೆ ತಂದಿಟ್ಟ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರೇ ಹೇಳಿದ್ದಾರಲ್ಲ. ಆಷಾಢದ ಗಾಳಿ ಅವನು ಹೇಳುವ ಮೊದಲೇ ತೂರಿತು, ತೂರಿದ್ದು ಪಕ್ಕದ ಮನೆಯ ಇಂದ್ರಾಣಿಯ ಹಪ್ಪಳದ ಮೇಲೆ.

"ಏನ್ ಜಯರಾಮಣ್ಣ, ಅಪ್ಪಳಕ್ಕೆ ಜೀರಿಗೆ ನಾನೇ ಆಕಿದ್ದೆ. ನೀನ್ಯಾಕೆ ಮರ ಆಕ್ದೆ?"

ಬುಧವಾರ ಮಿಷನ್ನನ್ನು ಮತ್ತೆ ಮನೆಯೊಳಗಿಟ್ಟು ಗಣಿಯ ಬುದ್ಧಿ ಓಡಿಸಿದ. ಗಣಿಯೊಳಗೆ ನೀರು ಬಿಡದೆ ಬಂಡೆ ಕೊರೆಯಬಾರದೆಂದು ಕಟ್ಟಪ್ಪಣೆಯಿತ್ತು. ನೀರು ಬಿದ್ದಲ್ಲಿ ಧೂಳು ಏಳುವುದಿಲ್ಲ. ಹಾಗಾಗಿ ಪ್ಲೈವುಡ್ಡಿಗೆ ಚೆನ್ನಾಗಿ ನೀರು ಕುಡಿಸಿ ಕುಯ್ದ. ಧೂಳೇನೋ ಏಳಲಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಹಲಗೆ ಪದರ ಪದರ ಬಿಟ್ಟುಕೊಂಡು, ಎರಡನೇ ಆನೆಯ ಸೊಂಡಿಲು ಬದನೆಕಾಯಿಯಂತೆ ಊದಿಕೊಂಡಿತ್ತು.

"ಆನೆಕಾಲು ರೋಗ ಕಾಲಿಗೆ ಬತ್ತದೆ ಅಂತ ಕೇಳಿದ್ದೆ, ಸೊಂಡ್ಲಿಗೂ ಬಂತಾ?" ಅಂದಳು ಮಾರಿಯಮ್ಮ. ನಕ್ಕಳು ಕೂಡ. ನಕ್ಕರೂ ತಟ್ಟೆ ಮಾತ್ರ ಗೂಡಿಗೇ ಹೋಯಿತು.

ಗುರುವಾರ ಟೇಬಲ್ ಫ್ಯಾನು ಇಟ್ಟ. ಗೆರೆಯ ಮೇಲೆ ಕೂತ ಪುಡಿ ಹಾರಿ, ಪೆನ್ಸಿಲಿನ ಗೀಟು ಸೊಗಸಾಗಿ ಕಂಡಿತು. ಹಾರಿದ ಪುಡಿ ಹೋಗಿ ಹುರುಳಿ ಸಾರಿಗೆ ಬಿತ್ತು. ಆ ಊಟದ ವಿಷಯ ಇಲ್ಲಿ ಬೇಡ.

ಆ ರಾತ್ರಿ ಗಣಿಯ ಎರಡನೆಯ ಪಾಠ ನೆನಪಾಯಿತು. ಅಲ್ಲಿ ಗಣಿಗೆ ಇಳಿಯಲು ತೋಡಿದ ಒಂದು ಬಾವಿಯಿಂದ ಒಳ್ಳೆ ಗಾಳಿ ಇಳಿಯುತ್ತಿತ್ತು, ಇನ್ನೊಂದರಿಂದ ಕೆಟ್ಟ ಗಾಳಿಯನ್ನು ದೊಡ್ಡ ಫ್ಯಾನು ಮೇಲಕ್ಕೆ ಎಳೆಯುತ್ತಿತ್ತು. ಧೂಳನ್ನು ಊದಿ ಓಡಿಸುವುದಲ್ಲ, ಹುಟ್ಟಿದ ಜಾಗದಲ್ಲೇ ಹಿಡಿದು ಎಳೆಯಬೇಕು. ನೀರು ಕುಡಿಸಬೇಕಾದ್ದು ಮರಕ್ಕಲ್ಲ, ಧೂಳಿಗೆ. ಇಷ್ಟು ತಿಳಿಯಲು ಮೂರು ದಿನ ಬೇಕಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡ. ಶುಕ್ರವಾರ ಹಳೆಯ ಎಕ್ಸಾಸ್ಟ್ ಫ್ಯಾನೊಂದನ್ನು ಹುಡುಕಿ ತಂದು, ಗರಗಸದ ಬಗಲಿಗೆ ಅಗಲ ಬಾಯಿಯ ಪೈಪು ಕೂರಿಸಿ, ನಡುವೆ ಆ ಫ್ಯಾನು ಜೋಡಿಸಿ, ಪೈಪಿನ ಇನ್ನೊಂದು ತುದಿಯನ್ನು ಒದ್ದೆ ಗೋಣಿಚೀಲದೊಳಗೆ ಕಟ್ಟಿದ. ಮೂಗಿಗೆ ಮಾಸ್ಕು ಹಾಕಿದ. ಕೆಲಸ ಮುಗಿದ ಮೇಲೆ ಪೊರಕೆ ಮುಟ್ಟಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಶನಿವಾರ ಮೂರು ಆನೆ, ಭಾನುವಾರ ಎರಡು ಒಂಟೆ. ಕೂದಲ ಮೇಲೂ ಪುಡಿಯಿಲ್ಲ.

ಭಾನುವಾರ ಸಂಜೆ ಮಾರಿಯಮ್ಮ ತಟ್ಟೆ ತೆಗೆದಳು. ಬೆರಳೆಳೆದಳು. ಗೀಟು ಬಿತ್ತು.

ಜಯರಾಮಪ್ಪ ಬಗ್ಗಿ ಆ ಗೀಟನ್ನೇ ನೋಡಿದ. ಅವಳಿಗೂ ಗೆದ್ದ ಖುಷಿಯೇನಿರಲಿಲ್ಲ. ಪಾಪ, ಎಷ್ಟು ಒದ್ದಾಡಿದ ಎಂದು ಮರುಕವೇ ಆಯಿತು. "ಓಗ್ಲಿ ಬಿಡು ಬಾವ" ಅಂದಳು.

ಅವನು ತಟ್ಟೆಯ ಪುಡಿಯನ್ನು ಸುಮ್ಮನೆ ಎರಡು ಬೆರಳ ನಡುವೆ ಉಜ್ಜಿದ. ಮರದ ಪುಡಿ ಮೆತ್ತಗಿರಬೇಕು. ಇದು ಗರಗರ ಎಂದಿತು. ಹದಿನೆಂಟು ವರ್ಷ ಕಲ್ಲು ಮುಟ್ಟಿದ ಬೆರಳಿಗೆ ಅಷ್ಟು ಸಾಕು.

"ಲೇ ಮಾರಿ, ಒಂದ್ ಚೊಂಬು ನೀರು ತತ್ತಾ."

ತಟ್ಟೆಗೆ ನೀರು ಹೊಯ್ದು, ಚಿನ್ನ ಸೋಸುವವರ ಹಾಗೆ ಮೆಲ್ಲಗೆ ಕುಲುಕಿದ. ನೀರ ಮೇಲೆ ಒಂದು ಚೂರೂ ತೇಲಲಿಲ್ಲ. ಬೂದು ಬಣ್ಣದ ಪುಡಿಯೆಲ್ಲ ತಳ ಸೇರಿತು. ಆಮೇಲೆ ಗೋಣಿಚೀಲದಿಂದ ಒಂದು ಚಿಟಿಕೆ ಪುಡಿ ತೆಗೆದು ಹಾಕಿದ. ಅದು ತೇಲಿತು.

"ಮರ ತೇಲ್ತದೆ, ಕಲ್ಲು ಮುಳುಗ್ತದೆ. ಇದು ನಂದಲ್ಲ ಕಣೇ." ಅವನು ಗೂಡಿನ ಮೇಲಿದ್ದ ಗವಾಕ್ಷಿಯತ್ತ ಕೈ ತೋರಿಸಿದ. ಅದರಾಚೆ, ಲೈನಿನ ಕೊನೆಯಲ್ಲಿ, ಚಿನ್ನ ತೆಗೆದು ಬಿಸಾಡಿದ ಕಲ್ಲುಪುಡಿಯ ಸೈನೈಡ್ ದಿಬ್ಬ ಬಿಸಿಲಿಗೆ ಬೆಳ್ಳಗೆ ಕೂತಿತ್ತು. ಅದರ ನೆತ್ತಿಯಿಂದ ಗಾಳಿ ಎಳೆ ಎಳೆಯಾಗಿ ಧೂಳು ಎತ್ತುತ್ತಿತ್ತು.

ಮಾರಿಯಮ್ಮ ತಟ್ಟೆಯ ತಳದ ಪುಡಿಯನ್ನು ಬೆರಳಿನಿಂದ ಮುಟ್ಟಿದಳು. "ಮದ್ವೆ ಆಗಿ ಬಂದಾಗಿಂದ ದಿನಾ ಗುಡ್ಸಿ ಗುಡ್ಸಿ ಎತ್ತಾಕಿದ್ದು ಇದೇನಾ? ಅಂಗಾದ್ರೆ ನಾನೂ ಅಣ್ಣನ ಜೊತೆ ಗಣಿಯೊಳಗೇ ಇದ್ದೆ."

ಜಯರಾಮಪ್ಪನಿಗೆ ಕಣ್ಣು ತುಂಬಿತು. ಇಷ್ಟು ವರ್ಷ ತಾನೂ ಇದನ್ನು ಯೋಚಿಸಿರಲಿಲ್ಲ.

ಅವಳು ಮಾತ್ರ ಅಳುತ್ತ ಕೂರುವ ಪೈಕಿಯಲ್ಲ. ಸ್ಟೂಲು ಎಳೆದು ಹತ್ತಿ, ಗವಾಕ್ಷಿಯನ್ನು ಕೈಯಿಂದ ಅಳೆದಳು.

"ಎರಡು ಗೇಣು ಅಗಲ, ಒಂದು ಗೇಣು ಎತ್ರ. ಒಂಟೆ ಆಮೇಲೆ ಕುಯ್ಯುವಂತೆ. ಮೊದ್ಲು ಇದಕ್ಕೊಂದು ಬಾಗ್ಲು ಕುಯ್ಕೊಡು. ಇಂದ್ರಾಣಿ ಮನೇಗೂ ಒಂದು."