ಕೈ ಎಣಿಸದ ದಿನ

ಬೆಳಗಾಗುವ ಮುಂಚೆ ಹಿತ್ತಲ ಗೋಡೆಯಾಚೆ ಹಬೆ ಬಿಡುವ ಸದ್ದು ಕೇಳುತ್ತಿತ್ತು. ಮೊದಲು ಯಾರೋ ಮೂಗು ಸೀಟಿದ ಹಾಗೆ, ಆಮೇಲೆ ಉದ್ದಕ್ಕೆ, ಉಸಿರೇ ಮುಗಿಯದ ಹಾಗೆ. ಆ ಸದ್ದಿಗೆ ಗೆರೆಯಕ್ಕನ ಮನೆಯ ತಟ್ಟೆ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಹೊಸಬರು ಬೆಚ್ಚಿ ಬೀಳುತ್ತಿದ್ದರು. ಮನೆಯವರಿಗೆ ಅದು ಏಳುವ ಹೊತ್ತು, ಅಷ್ಟೆ. ಗೋಡೆಯಾಚೆ ಇದ್ದದ್ದು ಬಟ್ಟೆ ಒಗೆಯುವ ಕಾರ್ಖಾನೆ. ಊರಿನ ಆಸ್ಪತ್ರೆ, ಹೋಟೆಲುಗಳ ಚಾದರಗಳೆಲ್ಲ ಕೊಳೆಯಾಗಿ ಅಲ್ಲಿಗೆ ಬಂದು, ಒಗೆಸಿಕೊಂಡು, ಹಿಂಡಿಸಿಕೊಂಡು, ಬಿಸಿ ರೋಲರುಗಳ ನಡುವೆ ನುಸುಳಿ, ಬೆಳ್ಳಗೆ ಮಡಿಕೆಯಾಗಿ ಹೊರಡುತ್ತಿದ್ದವು.

ಮಡಿಸುವ ಮೇಜಿಗೆ ಸೇರಿದಾಗ ಗೆರೆಯಕ್ಕನಿಗೆ ಜಡೆಗೆ ರಿಬ್ಬನ್ ಕಟ್ಟುವ ವಯಸ್ಸು. ಅವಳು ಮಡಿಸಿದ ಚಾದರದ ಗೆರೆ ಚಾಕುವಿನಲ್ಲಿ ಎಳೆದಂತಿರುತ್ತಿತ್ತು. ಬಸ್ ಟಿಕೆಟ್ಟು ಕೈಗೆ ಸಿಕ್ಕರೂ ನಾಲ್ಕಾಗಿ ಮಡಿಸಿ ಉಗುರಿನಿಂದ ತೀಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಅಂಗಿಯನ್ನು ಅವನು ತೊಟ್ಟಿರುವಾಗಲೇ ಮಡಿಸಲು ಹೋದಳೆಂದು ಅತ್ತೆ ಕಂಡಕಂಡವರಿಗೆ ಹೇಳಿ ನಗುತ್ತಿದ್ದಳು. ಹೀಗೆ ಅಂಟಿದ ಹೆಸರು ಮತ್ತೆ ಬಿಡಲಿಲ್ಲ.

ಆಗ ಕಾರ್ಖಾನೆಯ ಕೆಲಸದ ಹಾಲ್‌ಗೆ ಮುಖ್ಯಸ್ಥೆಯಾಗಿದ್ದವಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಯಂತ್ರಗಳ ಗದ್ದಲದಲ್ಲಿ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲವಾದ್ದರಿಂದ ಅವಳೊಂದು ರೂಢಿ ಮಾಡಿದ್ದಳು. ಕಿಟಕಿ ತೆಗೆಯೋಣವೇ, ಕೈ ಎತ್ತಿ. ಚಹಾ ಈಗಲೋ ಆಮೇಲೋ, ಕೈ ಎತ್ತಿ. ಹೆಚ್ಚು ಕೈ ಎದ್ದದ್ದು ತೀರ್ಮಾನ. ಕಿಟಕಿ ತೆಗೆದದ್ದಕ್ಕೆ ಧೂಳು ಬಂದು ಒಗೆದ ಬಟ್ಟೆಯನ್ನು ಮತ್ತೆ ಒಗೆಯಬೇಕಾಗಿ ಬಂದರೂ ಯಾರೂ ಯಾರನ್ನೂ ಬೈಯುವಂತಿರಲಿಲ್ಲ. ನಾವೇ ಎತ್ತಿದ್ದಲ್ವಾ ಎಂದು ನಕ್ಕು ಮತ್ತೆ ಒಗೆಯುತ್ತಿದ್ದರು.

ದೊಡ್ಡಕ್ಕ ಕೆಲಸ ಬಿಟ್ಟ ಮೇಲೆ ಅವಳ ಕುರ್ಚಿ ಗೆರೆಯಕ್ಕನಿಗೆ ಬಂತು. ಕೈ ಎತ್ತಿಸುವುದೂ ಕುರ್ಚಿಯ ಜೊತೆಗೇ ಬಂತು. ‘ನಮ್ಮಕ್ಕ ದರ್ಪ ಮಾಡೋಳಲ್ಲ’ ಎಂದು ಹೆಂಗಸರು ಮೆಚ್ಚಿಕೊಂಡರು. ಆ ಮೆಚ್ಚುಗೆ ಅವಳಿಗೆ ಸಿಹಿಯಾಗಿತ್ತು. ಸಿಹಿಯಾದದ್ದನ್ನು ಯಾರು ಉಗುಳುತ್ತಾರೆ?

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ತಡೆಕಂಬಿ ಇತ್ತು. ಬೆರಳು ತಗುಲಿದರೆ ಸಾಕು, ಇಡೀ ಯಂತ್ರ ನಿಂತುಬಿಡುತ್ತಿತ್ತು. ಹಳತಾಗುತ್ತಾ ಅದಕ್ಕೆ ಮುನಿಸು ಹೆಚ್ಚಾಯಿತು. ಚಾದರದ ದಪ್ಪ ಅಂಚು ತಗುಲಿದರೂ ನಿಲ್ಲತೊಡಗಿತು. ಸಂಬಳ ಚಾದರದ ಲೆಕ್ಕದಲ್ಲಿ. ಯಂತ್ರ ನಿಂತಾಗಲೆಲ್ಲ ಹೆಂಗಸರು ಹಲ್ಲು ಕಡಿಯುತ್ತಿದ್ದರು. ಒಂದು ಮಧ್ಯಾಹ್ನ, ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೋ ಎನಿಸಿಕೊಂಡಿದ್ದ ಹೆಂಗಸು ಹಳೆಯ ದಿಂಬಿನ ಚೀಲ ಹರಿದು, ಆ ಪಟ್ಟಿಯಿಂದ ಕಂಬಿಯನ್ನು ಅಲುಗಾಡದಂತೆ ಬಿಗಿದುಬಿಟ್ಟಳು.

ಗೆರೆಯಕ್ಕ ನೋಡಿದಳು. ‘ಬಿಚ್ಚು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಬಿದ್ದದ್ದು ಬೇರೆ.

“ಇರ್ಲಾ, ಬಿಚ್ಚೋದಾ? ಇರ್ಲಿ ಅನ್ನೋರು ಕೈ ಎತ್ತಿ.”

ಕೈಗಳು ಎದ್ದವು. ಅವಳ ಸ್ವಂತ ನಾದಿನಿ, ಅವಳೇ ಕೆಲಸಕ್ಕೆ ಸೇರಿಸಿದ್ದವಳು, ಎರಡೂ ಕೈ ಎತ್ತಿ ನಕ್ಕಳು. “ಅತ್ತಿಗೆ, ನಂದು ಎರಡು ಲೆಕ್ಕ ಹಾಕು.”

ಗೆರೆಯಕ್ಕನಿಗೂ ಹಗುರವೆನಿಸಿತ್ತು. ಅದನ್ನು ನೆನೆದಾಗಲೆಲ್ಲ ಈಗ ಮೈ ಉರಿಯುತ್ತದೆ.

ಒಂದು ದಿನ ರೋಲರಿನ ಬಾಯಲ್ಲಿ ಒದ್ದೆ ಚಾದರದ ಮೂಲೆ ಸುರುಳಿಯಾಗಿತ್ತು, ನಾದಿನಿ ಅದನ್ನು ಬಿಡಿಸಲು ಹೋದಳು. ನಡೆದದ್ದು ಅಷ್ಟೆ. ಬಲಗೈಯ ಬೆರಳುಗಳನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂದು ಡಾಕ್ಟರು ಹೇಳುವಾಗ ಗೆರೆಯಕ್ಕ ನಾದಿನಿಯ ಹಾಸಿಗೆಯನ್ನೇ ನೋಡುತ್ತಿದ್ದಳು. ಚಾದರ ತಮ್ಮ ಕಾರ್ಖಾನೆಯದ್ದೇ. ಗೆರೆ ನೆಟ್ಟಗಿತ್ತು.

ಅತ್ತೆ ಅಳಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚಿನ ತುದಿಗೆ ಕೂತು ಕೇಳಿದಳು.

“ಕಟ್ಟಿದ್ದು ನೀನು ನೋಡಿದ್ಯಾ?”

“ನೋಡಿದ್ದೆ ಅತ್ತೆ.”

“ಮತ್ತೆ?”

“ಎಲ್ಲರನ್ನೂ ಕೇಳ್ದೆ.”

“ಒಲೆ ಹತ್ರ ಮಗು ತೆವಳ್ಕೊಂಡು ಹೋದ್ರೆ ಬೀದಿಯವರನ್ನೆಲ್ಲ ಕೇಳ್ಕೊಂಡು ಬರ್ತೀಯಾ? ನಿನ್ನ ಮೇಲೆ ಯಾರೂ ಮಾತಾಡಬಾರ್ದು. ಅಷ್ಟೇ ತಾನೆ ನಿನಗೆ ಬೇಕಿದ್ದದ್ದು?”

ಗೆರೆಯಕ್ಕನಿಗೆ ಅತ್ತೆಯ ಮೇಲೆ ಸಿಟ್ಟು ಬಂತು. ಆ ಮಾತು ನಿಜವೆಂದು ಗೊತ್ತಾದದ್ದಕ್ಕೆ ಇನ್ನೂ ಹೆಚ್ಚು ಬಂತು. ಮನೆಗೆ ಬಂದು ಒಗೆದ ಬಟ್ಟೆಗಳನ್ನು ಮಡಿಸದೆ ಹಾಗೇ ರಾಶಿ ಹಾಕಿದಳು.

ಮರುವಾರ ರೋಲರನ್ನು ಮತ್ತೆ ಶುರು ಮಾಡುವುದೆಂದಾಯಿತು. ಯಾರೋ ಅದನ್ನು ತೊಳೆದು ಫಳಫಳಿಸುವಂತೆ ಒರೆಸಿದ್ದರು. ಕಂಬಿಗೆ ಹೊಸ ಪಟ್ಟಿ ಬಿಗಿದಿತ್ತು. ಇದು ಇನ್ನೂ ಅಗಲ, ಇನ್ನೂ ಗಟ್ಟಿ. ಮಾಲೀಕರು ಹಾಲ್‌ಗೆ ಬಂದರು. ಕರವಸ್ತ್ರದಿಂದ ಹಣೆ ಒತ್ತಿಕೊಂಡು, ಗೆರೆಯಕ್ಕನ ಕಿವಿಯ ಹತ್ತಿರ ಬಾಗಿ, ಗದ್ದಲವನ್ನು ಮೀರಿಸಿ ಹೇಳಿದರು.

“ಆಗಿದ್ದು ಆಗ್ಹೋಯ್ತು. ಪಾಪದ ಹುಡುಗಿ. ಆದ್ರೂ ಕಂಬಿ ಕಟ್ಟಿ ಅಂತ ನಾನೇನೂ ಹೇಳಿರ್ಲಿಲ್ಲ, ನೀವೇ ಕೈ ಎತ್ತಿ ಒಪ್ಪಿದ್ರಂತೆ. ಇವತ್ತೂ ಹಾಗೇ ಒಂದ್ಸಲ ಕೇಳಿಬಿಡಮ್ಮ. ಹೋಟೆಲಿನವರು ಅವಸರ ಮಾಡ್ತಿದ್ದಾರೆ.”

ಗೆರೆಯಕ್ಕ ಅವರ ಮುಖ ನೋಡಿದಳು. ಎತ್ತಿದ ಕೈಗಳ ಹಿಂದೆ ತಾನು ಅವಿತಿದ್ದಳು; ಈಗ ಈ ಮನುಷ್ಯನೂ ಅಲ್ಲೇ ಜಾಗ ಹುಡುಕುತ್ತಿದ್ದ. ಅವಳು ಹೆಂಗಸರ ಕಡೆ ತಿರುಗಿದಳು. ಕೇಳುವ ಮೊದಲೇ ಕೆಲವು ಕೈಗಳು, ಬರೀ ರೂಢಿಯಿಂದ, ಏಳತೊಡಗಿದ್ದವು.

ಸೊಂಟಕ್ಕೆ ಕಟ್ಟಿಕೊಂಡ ನೂಲು ಕತ್ತರಿ ತೆಗೆದು ಪಟ್ಟಿಯನ್ನು ಕತ್ತರಿಸಿದಳು. ಗಟ್ಟಿ ಬಟ್ಟೆ, ಒಂದೇ ಏಟಿಗೆ ಬಗ್ಗಲಿಲ್ಲ. ಗರಗಸದ ಹಾಗೆ ತಿಕ್ಕಬೇಕಾಯಿತು. ಆಮೇಲೆ ಗೋಡೆಯ ಹತ್ತಿರ ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಯಂತ್ರಗಳು ಒಂದೊಂದಾಗಿ ನಿಟ್ಟುಸಿರು ಬಿಟ್ಟು ನಿಂತವು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಆ ಹಾಲ್‌ನಲ್ಲಿ ಯಾರೂ ಕೂಗದೆ ಮಾತಾಡಬಹುದಾಗಿತ್ತು.

“ಕೈ ಇಳಿಸಿ,” ಅಂದಳು. “ನಾನು ಏನೂ ಕೇಳಿಲ್ಲ.”

ರೇಡಿಯೋ ಸುಮ್ಮನಿರುವವಳಲ್ಲ. “ಇದೇನಕ್ಕ ಹೊಸ ರಾಗ? ನಿನ್ನ ನಾದಿನಿ ಕೈ ಅಂತ ತಾನೆ? ಬೇರೆಯವಳ ಕೈ ಹೋಗಿದ್ರೆ ಹೀಗೆ ಆಡ್ತಿದ್ಯಾ?”

“ಆಡ್ತಿದ್ನೋ ಇಲ್ವೋ ಗೊತ್ತಿಲ್ಲ. ಆಡ್ಬೇಕಿತ್ತು. ಅವಳ ಕೈ ಹೋಗೋ ಮೊದ್ಲೇ ಆಡ್ಬೇಕಿತ್ತು.”

“ರೋಲರ್ ನಿಂತ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ.”

“ಹೌದು. ಅದಕ್ಕೆ ನನ್ನನ್ನ ಬೈಯಿ. ಮನೆಗೆ ಹೋಗಿ ಗಂಡನ ಹತ್ರಾನೂ ಬೈಯಿ. ಬೈಸ್ಕೊಳ್ಳೋದಕ್ಕೇ ಈ ಕುರ್ಚಿ ಇರೋದು, ನಾನು ಮೆತ್ತೆ ಹಾಕ್ಕೊಂಡು ಕೂತಿದ್ದೆ.” ದನಿ ಏರಲಿಲ್ಲ; ಆದರೆ ಪ್ರತಿ ಮಾತಿಗೂ ಕತ್ತರಿಯ ಅಂಚಿತ್ತು. “ಚಹಾ ಯಾವಾಗ, ಕಿಟಕಿ ಯಾವಾಗ, ಅದನ್ನ ನಾಳೆನೂ ಕೇಳ್ತೀನಿ. ಇದನ್ನ ಕೇಳಲ್ಲ. ಕಂಬಿ ರಿಪೇರಿ ಆಗೋವರೆಗೆ ರೋಲರ್ ಇಲ್ಲ. ಒಗೆಯೋದು, ಹಿಂಡೋದು ನಡೀಲಿ. ಇಸ್ತ್ರಿ ಕೈಯಲ್ಲೇ. ಆಸ್ಪತ್ರೆ ಬಟ್ಟೆ ಮೊದಲು. ಹೋಟೆಲಿನವರಿಗೆ ತಡ ಅಂತ ನಾನೇ ಫೋನ್ ಮಾಡ್ತೀನಿ.”

ಯಾರೂ ಮೆಚ್ಚಲಿಲ್ಲ. ಮಡಿಸುವ ಮೇಜಿನ ಹುಡುಗಿಯೊಬ್ಬಳು ಬೇಕೆಂದೇ ಬುಟ್ಟಿಯನ್ನು ಧಡಾರನೆ ಕುಕ್ಕಿದಳು. ದರ್ಪ ಬಂತು ನೋಡು ಎಂದು ಹಿಂದಿನಿಂದ ಯಾರೋ ಗೊಣಗಿದ್ದೂ ಆ ನಿಶ್ಶಬ್ದದಲ್ಲಿ ಚೆನ್ನಾಗಿಯೇ ಕೇಳಿಸಿತು. ಕೇಳಿಸಿಕೊಂಡು ನಿಂತಳು. ಸಿಹಿಯಾಗಿರಲಿಲ್ಲ.

“ಇನ್ನೊಂದಿದೆ,” ಎಂದು ಮಾಲೀಕರ ಕಡೆ ತಿರುಗಿದಳು. “ರಿಪೇರಿ ಆಗೋ ತನಕ ಇವರಿಗೆ ಚಾದರದ ಲೆಕ್ಕ ಬೇಡ, ದಿನದ ಲೆಕ್ಕದಲ್ಲಿ ಕೊಡಿ.”

“ಅದನ್ನೂ ನೀನೇ ತೀರ್ಮಾನ ಮಾಡ್ತೀಯಾ?”

“ಇಲ್ಲ ಸಾರ್. ಅದು ನಿಮ್ಮ ತೀರ್ಮಾನ. ಅದಕ್ಕೇ ಇಲ್ಲೇ ಹೇಳಿ, ಇವರೆಲ್ಲರ ಮುಂದೆ. ಕೊಡ್ತೀನಿ ಅನ್ನಿ, ಇಲ್ಲಾ ಕೊಡಲ್ಲ ಅನ್ನಿ. ಕೊಡಲ್ಲ ಅಂದ್ರೆ ನಿಮ್ಮನ್ನ ಬೈತಾರೆ, ನನ್ನನ್ನ ಬೈದ ಹಾಗೆ.”

ಎಲ್ಲರ ಕಣ್ಣೂ ಗೆರೆಯಕ್ಕನನ್ನು ಬಿಟ್ಟು ಅವರ ಮೇಲೆ ಹೋಯಿತು. ರೇಡಿಯೋ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಮಾಲೀಕರು ಕರವಸ್ತ್ರ ಮಡಿಸಿದರು, ಬಿಚ್ಚಿದರು, ನಿಂತ ರೋಲರನ್ನು ನೋಡಿದರು.

“ನೋಡೋಣಮ್ಮ, ಅವಸರ ಮಾಡ್ಬೇಡ. ಮನೇಲಿ ಅಣ್ಣನ್ನ ಒಂದು ಮಾತು ಕೇಳಿ, ಲೆಕ್ಕದವರನ್ನೂ ಒಂದ್ಸಲ ಕರೆಸಿ, ಆಮೇಲೆ ಎಲ್ಲರೂ ಸೇರಿ ಏನ್ ಹೇಳ್ತಾರೋ...”

“ನೀವು ಕೇಳ್ಕೊಂಡೇ ಬನ್ನಿ. ನೀವು ಕೊಡ್ತೀನಿ ಅನ್ನೋವರೆಗೆ ಹೋಟೆಲಿನ ಒಂದು ಚಾದರಾನೂ ಈ ಬಾಗಿಲು ದಾಟಲ್ಲ,” ಅಂದಳು ಗೆರೆಯಕ್ಕ, ಅವರಿಗೆ ಬೆನ್ನು ಮಾಡಿ ಆಗಲೇ ಇಸ್ತ್ರಿ ಮೇಜುಗಳ ಕಡೆ ಹೊರಟಿದ್ದಳು, “ರೇಡಿಯೋ, ಬೈತಾ ಬೈತಾನೇ ಆ ತುದಿ ಹಿಡಿ, ಈ ಮೇಜು ಕಿಟಕಿ ಹತ್ರ ಬರ್ಲಿ, ಆಮೇಲೆ ಆಸ್ಪತ್ರೆ ಗಂಟು ಬಿಚ್ಚಿ ಮೊದಲು ದಿಂಬಿನ ಚೀಲಗಳನ್ನ ಇಸ್ತ್ರಿಗೆ ತೆಗಿ.”