ಚನ್ನಪ್ಪ ಅಂಕಲ್ ಕಟ್ಟಿದ ಅಟ್ಟಣಿಗೆ

ಚನ್ನಪ್ಪ ಅಂಕಲ್ ಗುಟ್ಟು ಹೇಳಿದರೆ ಎರಡು ಮಹಡಿ ಕೆಳಗಿನವರಿಗೂ ಅದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಅಂಥ ಗಂಟಲು. ಕಡಲಾಚೆಯ ಈ ವುಡ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ಅವರು ಲಿಫ್ಟಿನೊಳಗೆ ನಿಂತು ಮಾತಾಡುತ್ತಿದ್ದರೆ, ಲಿಫ್ಟು ಯಾವ ಮಹಡಿಗೆ ಬಂತು ಎಂದು ನಾನು ಮನೆಯಲ್ಲಿ ಕೂತೇ ಹೇಳಬಲ್ಲವನಾಗಿದ್ದೆ. ಗದಗದ ಕಡೆ ಇರುವ ತಮ್ಮನ ಜೊತೆ ಮಾತಾಡಲು ನಿಮಗೆ ಫೋನು ಯಾಕೆ ಬೇಕು ಎಂದು ಒಮ್ಮೆ ಕೇಳಿದ್ದೆ. "ಬಿಲ್ ಕಟ್ಟೇನಲ್ಲ ತಮ್ಮಾ, ಅದಕ್ಕ ಹಿಡ್ಕೊಂಡಿರ್ತೀನಿ" ಎಂದರು.

ಈ ಊರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಚೀನೀ ಅಜ್ಜಿಯೊಬ್ಬರು ಬಾಗಿಲು ತಟ್ಟಿ, ನಿಮ್ಮಲ್ಲಿ ಏನಾದರೂ ಜಗಳವೇ, ಯಾರನ್ನಾದರೂ ಕರೆಯಲೇ ಎಂದು ಬಲು ಮರ್ಯಾದೆಯಿಂದ ವಿಚಾರಿಸಿದ್ದರಂತೆ. ಅಂಕಲ್ ಆಗ ಉಪ್ಪಿಟ್ಟು ಚೆನ್ನಾಗಿದೆ ಎಂದು ಹೊಗಳುತ್ತಿದ್ದರು. ಅವತ್ತಿನಿಂದ ನೀಲಾ ಆಂಟಿಗೆ ಗಂಡನ ಗಂಟಲು ಕಾಯುವುದೇ ಕೆಲಸವಾಯಿತು. "ಸೌಂಡ್ ಕಡಿಮಿ ಮಾಡ್ರಿ" ಎನ್ನುವರು. ಹೇಳುವಾಗ ಬಲಗೈ ಮೇಲೆತ್ತಿ, ಹಳೆಯ ರೇಡಿಯೋದ ಕಿವಿ ಹಿಂಡಿದಂತೆ ಎಡಕ್ಕೆ ತಿರುಗಿಸುವರು. ಮಾತಿನ ನಡುವೆ, ಊಟದ ನಡುವೆ, ಕಡೆಕಡೆಗೆ ಬಾಯಿ ಬಿಡದೆ ಬರೀ ಕೈಯಿಂದಲೇ ಹೇಳುತ್ತಿದ್ದರು. ಅಂಕಲ್ ಒಂದೂವರೆ ವಾಕ್ಯ ಇಳಿದು ಮತ್ತೆ ಏರುತ್ತಿದ್ದರು.

ಶನಿವಾರ ರೊಟ್ಟಿಯ ಆಸೆಗೆ ಅವರ ಮನೆಗೆ ಹೋಗುತ್ತಿದ್ದ ನನಗೆ ಇದೊಂದು ಮೋಜಾಗಿ ಕಾಣುತ್ತಿತ್ತು. ಅಂಕಲ್‌ಗೆ ಅದು ಮೋಜಾಗಿರಲಿಲ್ಲ ಎಂದು ತಿಳಿದದ್ದು ಅವರೇ ಹೇಳಿದಾಗ. "ಈ ಮನಿಯೊಳಗ ನಾ ಸೈಲೆಂಟ್ ಮೋಡ್‌ನ್ಯಾಗಿನ ಫೋನ್ ಇದ್ದಾಂಗ. ನಡಗತೀನಿ, ಒದರೂದಿಲ್ಲ. ಎಲ್ಲ್ಯರ ಒಂದ ಜಾಗಾದಾಗ ಗಂಟ್ಲ ಬಿಚ್ಚಬೇಕು ನೋಡು, ಒಂದ ಸಲ." ನಾನು ನಕ್ಕೆ. ಅವರು ನಗಲಿಲ್ಲ.

ಆ ಜಾಗ ಒದಗಿಸಿದವರು ಟಾನ್. ಅಂಕಲ್ ಹಡಗು ಕಟ್ಟೆಯಲ್ಲಿ ಸಾರವೆ ಕಟ್ಟಿಸುವ ಕೆಲಸದಲ್ಲಿದ್ದಾಗಿನ ಜೊತೆಗಾರ. ನಿವೃತ್ತರಾದ ಮೇಲೆ ಗಡಿಯಾಚೆ, ಜೋಹೋರ್‌ನಲ್ಲಿ, ಹಲಸಿನಂತೆ ಮುಳ್ಳುಮುಳ್ಳಾದ, ಮೂಗು ಮುಚ್ಚಿಸುವ ಡುರಿಯನ್ ಹಣ್ಣಿನ ತೋಟ ಮಾಡಿಕೊಂಡಿದ್ದರು. ಹಣ್ಣು ಬೀಳುವ ಕಾಲಕ್ಕೆ ಕಾಡುಹಂದಿಗಳು ನುಗ್ಗಿ ತಿಂದು ಹಾಕುತ್ತಿದ್ದವು. ಹಂದಿಗಾಗಿ ಒಂದು ಎತ್ತರದ ಜಾಗ ಕಟ್ಟಿಕೊಡು, ಫ್ಯಾಮಿಲಿ ಎಲ್ಲ ಕೂರುವಷ್ಟು ಎಂದು ಟಾನ್ ಫೋನಿನಲ್ಲಿ ಕೇಳಿದರು. ಅಂಕಲ್‌ಗೆ ಅಷ್ಟು ಸಾಕಾಯಿತು.

"ಅಟ್ಟಣಗಿ! ನಮ್ಮಪ್ಪ ಜ್ವಾಳ ಹಾಲುಗಾಳ ಆತಂದ್ರ ಅಟ್ಟಣಗಿ ಬಿಟ್ಟ ಇಳೀತಿದ್ದಿಲ್ಲ. ಅವ್ವ ಬುತ್ತಿ ತರಾಕಿ. ನಾವೆಲ್ಲಾರೂ ಮ್ಯಾಲ ಕುಂತು ಸುಟ್ಟ ಎಳಿ ಜ್ವಾಳದ ಸೀತನಿ ತಿನ್ನೂದು, ಹಕ್ಕಿ ಬಂದ್ರ ಒದರೂದು. ಹಂಗ ಮನಿಮಂದಿ ಕೂಡಿ ಕುಂತದ್ದು ಮುಂದ ಎಲ್ಲೂ ಇಲ್ಲ ತಮ್ಮಾ."

ವಾರದ ಕೊನೆ ಬಂತೆಂದರೆ ಸುತ್ತಿಗೆ, ನೈಲಾನ್ ಹಗ್ಗ, ಬುತ್ತಿ ಹೊತ್ತು ಗಡಿ ದಾಟುವ ಬಸ್ಸು ಹತ್ತುವರು. ನಾನೂ ಜೊತೆಗೆ ಹೋಗುತ್ತಿದ್ದೆ. ಗಳ ಹಿಡಿದು ನಿಲ್ಲುವುದಷ್ಟೇ ನನ್ನ ಪಾಲಿನ ವಿದ್ಯೆ. ನಾಲ್ಕು ಕಾಲುಗಳನ್ನೂ ಹೊರಕ್ಕೆ ವಾಲಿಸಿ ನೆಟ್ಟರು. "ಕಾಲ ಅಗಲಿಸಿ ನಿಂತಾಂವ ಬೀಳೂದಿಲ್ಲ." ನೀಲಾ ಆಂಟಿಯ ಮಂಡಿನೋವಿಗೆಂದು ಏಣಿಯ ಮೆಟ್ಟಿಲು ಹತ್ತಿರ ಹತ್ತಿರ ಬಡಿದರು. ಮೇಲೆ ತಗಡು, ಸುತ್ತ ಸೊಂಟದೆತ್ತರ ಒಂದು ಅಡ್ಡಗಳ. ಅದು ಬಿಟ್ಟರೆ ನಾಲ್ಕೂ ಕಡೆ ಬಯಲು. ಟಾನ್ ಬಂದು ತಲೆ ಕೆರೆದುಕೊಂಡು, "ಚನ್ನಾ, ವೇರ್ ಈಸ್ ದ ವಾಲ್?" ಎಂದರು. "ನೋ ವಾಲ್. ಬೆಟರ್!" ಎಂದರು ಅಂಕಲ್. ಗಾಳಿಗೆ ಇರಬೇಕೆಂದು ಟಾನ್ ಸುಮ್ಮನಾದರು.

ಮೊದಲ ಸಂಜೆ ನಾವೆಲ್ಲ ಹತ್ತಿ ಕೂತೆವು. ಅಂಕಲ್, ಆಂಟಿ, ಊರಿನ ಆ ತುದಿಯ ಬ್ಯೂನಾ ವಿಸ್ಟಾದಲ್ಲಿ ಕೆಲಸ ಮಾಡುತ್ತಿದ್ದ ಅವರ ಮಗಳು ಸಹನಾ, ನಾನು. ಆ ಕಡೆ ಟಾನ್ ಮತ್ತು ಅವರ ಭಾವಮೈದುನ. ಭಾವಮೈದುನನ ಕೈಯಲ್ಲಿ ಬಂದೂಕು. "ಹೆದರ್ಸಾಕ ಗಾಳ್ಯಾಗ ಹಾರಿಸ್ತಾರ" ಎಂದು ಅಂಕಲ್ ನನ್ನ ಕಿವಿಯಲ್ಲಿ, ಅಂದರೆ ಇಡೀ ತೋಟಕ್ಕೆ, ಹೇಳಿದರು. ಟಾನ್ ತುಟಿಯ ಮೇಲೆ ಬೆರಳಿಟ್ಟರು. ಆಂಟಿ ಕೈ ತಿರುಗಿಸಿದರು.

ಹೊತ್ತು ಮುಳುಗುವಾಗ ಹಂದಿಯೊಂದು ಮರಿಗಳ ಸಮೇತ ಬೇಲಿಯೊಳಕ್ಕೆ ಮೂತಿ ಹಾಕಿತು. ಭಾವಮೈದುನ ಬಂದೂಕು ಎತ್ತಿ ಗುರಿ ಹಿಡಿದ. ಅಷ್ಟರಲ್ಲಿ ಅಂಕಲ್ ಅಡ್ಡಗಳಕ್ಕೆ ಎದೆ ಕೊಟ್ಟು ನಿಂತರು.

"ಹೋ... ಹೋಯ್! ಉಂಡಾವ್ರು ಹೋಗ್ರಿ, ಉಣದಾವ್ರು ನಾಳೆ ಬರ್ರಿ!"

ಆ ಕೂಗನ್ನು ಹೇಗೆ ಬರೆಯಲಿ. ಕಾಲಡಿಯ ಹಲಗೆ ನಡುಗಿತು. ಹಂದಿಯೂ ಮರಿಗಳೂ ಬಂದ ದಾರಿಯಲ್ಲೇ ಮಂಗಮಾಯವಾದವು. ಭಾವಮೈದುನ ಬಂದೂಕು ಇಳಿಸಿ ತಾನೂ ಇಳಿದು ಹೋದ.

"ಚನ್ನಾ, ವೈ ಯೂ ಶೌಟ್?"

"ಪಿಗ್ ಕಮ್, ಐ ಶೌಟ್. ಯೂ ಓನ್ಲಿ ಸೇ, ಫಾರ್ ಪಿಗ್!"

ಟಾನ್ ಕೇಳಿದ್ದು ಅಡಗಿ ಕೂತು ಹೊಡೆಯುವ ಬೇಟೆಯ ಅಟ್ಟಣಿಗೆ. ಅಂಕಲ್ ಕಟ್ಟಿದ್ದು ನಿಂತು ಒದರುವ ಹೊಲದ ಅಟ್ಟಣಿಗೆ. ಇಬ್ಬರಿಗೂ ಅದು ಒಟ್ಟಿಗೇ ಹೊಳೆದು, ಟಾನ್ ಹಲಗೆಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಂಟಿ ನಗಲಿಲ್ಲ. "ಲಿಂಗ ಕಟ್ಟಿದ ಮಂದಿ ನಾವು. ಬ್ಯಾಟಿಗೆ ಅಟ್ಟಣಗಿ ಕಟ್ಟಿ ಕೊಟ್ರೇನು?" ಅಂಕಲ್ ಸಣ್ಣ ದನಿಯಲ್ಲಿ ಹೇಳಿದರು: "ನನಗೇನ್ ಗೊತ್ತು ನೀಲಾ. ನಮ್ಮಲ್ಲಿ ಅಟ್ಟಣಗಿ ಇರೂದ ಒದರಾಕ."

ನಗು ಮುಗಿದ ಮೇಲೆ ಟಾನ್, ಮುಂದಿನ ವಾರ ಸುತ್ತ ಹಲಗೆ ಬಡಿಸಿ ಮುಚ್ಚಿಬಿಡುತ್ತೇನೆ ಎಂದರು. ಅಂಕಲ್ ಮುಖ ಇಳಿದು ಹೋಯಿತು. ಈ ಒಂದು ಸೀಸನ್ ಹೀಗೇ ಬಿಡು, ಹಣ್ಣು ಉಳಿಸಿಕೊಡುವ ಜವಾಬ್ದಾರಿ ನನ್ನದು, ಉಳಿಯದಿದ್ದರೆ ಗೋಡೆಯನ್ನು ನಾನೇ ಕಟ್ಟಿಕೊಡುತ್ತೇನೆ ಎಂದು ಬೇಡಿಕೊಂಡರು. ಅಂಕಲ್ ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಟಾನ್ ಒಪ್ಪಿದರು.

ಆಮೇಲಿನ ಸಂಜೆಗಳು ನನಗೆ ಮರೆಯುವಂಥವಲ್ಲ. ಪ್ರತಿ ವಾರ ಬುತ್ತಿ ಬಿಚ್ಚಿ ಕೂರುವೆವು. ರೊಟ್ಟಿ, ಶೇಂಗಾ ಚಟ್ನಿ, ಫ್ಲಾಸ್ಕಿನ ಚಹಾ, ಟಾನ್ ಒಡೆದು ಕೊಡುವ ಡುರಿಯನ್. ಆ ವಾಸನೆಗೆ ಆಂಟಿ ಸೆರಗು ಮುಚ್ಚಿಕೊಂಡು ಆ ತುದಿಗೆ ಸರಿಯುವರು. ಅಂಕಲ್ ಎದ್ದು ನಾಲ್ಕೂ ದಿಕ್ಕಿಗೆ ಕೂಗುವರು. ಅಲ್ಲಿ ಮಾತ್ರ ಆಂಟಿಯ ಕೈ ಮೇಲೇಳುತ್ತಿರಲಿಲ್ಲ. ಮಗಳಿಗೂ ಕಲಿಸಲು ಹೊರಟರು. "ಏನಂತ ಕೂಗ್ಲಿ ಅಪ್ಪಾ, ನಾಚ್ಕೆ ಆಗತ್ತೆ ಲಾ" ಎಂದು ಇಲ್ಲಿನವರ ಧಾಟಿಯಲ್ಲಿ ಸಹನಾ ಒದ್ದಾಡಿ, ಕೊನೆಗೆ ಕತ್ತಲಿನತ್ತ ತಿರುಗಿ "ಎಕ್ಸ್‌ಕ್ಯೂಸ್ ಮೀ" ಎಂದಳು. "ಸಾರಿ ಅಂತ ಹೇಳಿ ಹೋಗ್ತಾವ ನೋಡವಾ ಈಗ" ಎಂದರು ಅಂಕಲ್.

ಒಂದು ಸಂಜೆ ಟಾನ್ ಕೆಳಗೆ ನಿಂತು ಫೋನು ಮೇಲಕ್ಕೆತ್ತಿ ಅಂಕಲ್ ಕೂಗನ್ನು ರೆಕಾರ್ಡ್ ಮಾಡಿಕೊಂಡರು. ಗೆಳೆಯರಿಗೆ ಕೇಳಿಸಿ ನಗಲಿಕ್ಕೆ ಎಂದುಕೊಂಡೆವು. ಸೀಸನ್ ಮುಗಿಯಿತು, ಹಣ್ಣು ಉಳಿಯಿತು, ಗೋಡೆಯ ಮಾತು ಯಾರೂ ಎತ್ತಲಿಲ್ಲ.

ಹೋದ ವರ್ಷ ಅಂಕಲ್ ಹೋದರು. ಮಲಗಿದವರು ಏಳಲಿಲ್ಲ, ಪಕ್ಕದಲ್ಲಿದ್ದ ಆಂಟಿಗೂ ಗೊತ್ತಾಗಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೋದ ಮೇಲೆ ಆಂಟಿ ನನ್ನೊಬ್ಬನ ಎದುರು ಹೇಳಿದರು: "ಸಪ್ಪಳ ಇಲ್ಲದ ಹೋದ್ರು ನೋಡ ತಮ್ಮಾ. ಜೀವಮಾನದಾಗ ಒಂದ ಸಲ ನಾ ಹೇಳಿದ್ದ ಕೇಳಿದ್ರು." ಆ ಮನೆ ಈಗ ಎಷ್ಟು ನಿಶ್ಶಬ್ದವೆಂದರೆ, ರೊಟ್ಟಿ ತಿನ್ನಲು ಹೋದ ನನಗೆ ಗೋಡೆ ಗಡಿಯಾರ ಕೇಳಿಸುತ್ತದೆ. ಅಲ್ಲೊಂದು ಗಡಿಯಾರ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಈ ಸಲ ಹಣ್ಣು ಶುರುವಾದಾಗ ಟಾನ್ ಬಿಡದೆ ಫೋನ್ ಮಾಡಿ ಕರೆದರು. ಆಂಟಿ ಒಲ್ಲೆ ಒಲ್ಲೆ ಎನ್ನುತ್ತಲೇ ಬಂದರು. ಹತ್ತಿರ ಹತ್ತಿರ ಬಡಿದ ಆ ಮೆಟ್ಟಿಲುಗಳ ಮೇಲೆ ಕಾಲಿಡುವ ಮುನ್ನ ಒಂದೊಂದನ್ನೂ ಕೈಯಿಂದ ಮುಟ್ಟಿ ಹತ್ತಿದರು. ನಾಲ್ಕೂ ಕಡೆ ಇನ್ನೂ ಬಯಲೇ ಇತ್ತು. ಆಂಟಿ, ಸಹನಾ, ನಾನು ಟಾನ್ ಜೊತೆ ಕೂತೆವು.

ಹೊತ್ತು ಮುಳುಗಿತು. ತಗಡಿನ ಕೆಳಗೆ ಕಟ್ಟಿದ್ದ ಸ್ಪೀಕರೊಂದು ಕಿರ್ ಎಂದಿತು.

"ಹೋ... ಹೋಯ್! ಉಂಡಾವ್ರು ಹೋಗ್ರಿ..."

ಸಹನಾ ನನ್ನ ತೋಳು ಹಿಡಿದುಕೊಂಡಳು. ಅಂಕಲ್ ಇಲ್ಲದ ಸಂಜೆಗಳಲ್ಲಿ ಹೊತ್ತು ಮುಳುಗಿದಾಗ ತಾನೇ ಕೂಗಲೆಂದು ಆ ರೆಕಾರ್ಡನ್ನು ಎಂದೋ ಹಾಕಿದ್ದು, ಮೊದಲೇ ಹೇಳಬೇಕಿತ್ತು, ಈಗಲೇ ನಿಲ್ಲಿಸುತ್ತೇನೆ ಎಂದು ಟಾನ್ ಗಾಬರಿಯಿಂದ ಎದ್ದರು. ಅಷ್ಟರಲ್ಲಿ ಆಂಟಿಯ ಬಲಗೈ ಮೇಲೆದ್ದಿತ್ತು. ಅದೇ ಹಳೆಯ ಅಭ್ಯಾಸ ಎಂದುಕೊಂಡೆ. ಆದರೆ ಕೈ ತಿರುಗುತ್ತಿದ್ದದ್ದು ಬಲಕ್ಕೆ.

"ಸೌಂಡ್ ಹೆಚ್ಚಿಗಿ ಮಾಡ್ರಿ" ಎಂದರು.

ಟಾನ್‌ಗೆ ಕನ್ನಡ ಬರುವುದಿಲ್ಲ. ಆ ಕೈಯನ್ನೇ ನೋಡುತ್ತ ಹೋಗಿ ಹೆಚ್ಚು ಮಾಡಿದರು.