ನಾಲ್ಕು ದಿನದ ಡ್ರೈವಿಂಗ್ ಟೆಸ್ಟು

ಅಯ್ಯೋ, ಹೇಳಿದೆನಲ್ಲ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ಫೇಲಪ್ಪನವರು ಸ್ವಂತ ಹೆಂಡತಿಯನ್ನೂ ಫೇಲ್ ಮಾಡಿದ್ದು ನಿಜ. ಬೇಕಾದರೆ ಅವರನ್ನೇ ಕೇಳಿ, ಎದೆಯುಬ್ಬಿಸಿ ಒಪ್ಪಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಡ್ರೈವಿಂಗ್ ಲೈಸೆನ್ಸ್ ಆಫೀಸಿನಲ್ಲಿ ಟೆಸ್ಟ್ ಮಾಡುವ ಇನ್ಸ್‌ಪೆಕ್ಟರಾಗಿದ್ದವರು, ಆ ಹೆಸರು ಸುಮ್ಮನೆ ಬಂತೇ? ಭಾವಮೈದುನನನ್ನು ಮೂರು ಸಲ ಫೇಲ್ ಮಾಡಿದ್ದಾರೆ. ಮೇಲಧಿಕಾರಿಯ ಮಗನನ್ನು ಫೇಲ್ ಮಾಡಿ, ಎರಡು ವರ್ಷ ಹಳೇ ಫೈಲಿನ ಕೋಣೆಯಲ್ಲಿ ಧೂಳು ಕುಡಿದು ಬಂದಿದ್ದಾರೆ. ಇನ್ನು ಹೆಂಡತಿ ಯಾವ ಲೆಕ್ಕ?

ಆ ಹೆಂಡತಿಯೆಂದರೆ ನಮ್ಮ ಸಿಸ್ಟರಮ್ಮ. ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನ ಹೆಡ್ ನರ್ಸಾಗಿ ರಿಟೈರಾದವರು. ಅವರು ಹೂಂ ಅಂದರೆ ಮಾತ್ರ ಡಾಕ್ಟರುಗಳೂ ಉಸಿರು ಬಿಡುತ್ತಿದ್ದರಂತೆ. ಅಂಥವರನ್ನು ಮೂವತ್ತೆರಡನೇ ವಯಸ್ಸಿನಲ್ಲಿ, ಟೆಸ್ಟಿನಲ್ಲಿ ಎರಡು ಸಲ ಇಂಜಿನ್ ಆಫಾಯಿತು ಅಂತ ಫೇಲ್ ಮಾಡಿ ಕಳಿಸಿದರು. ಆ ರಾತ್ರಿ ಊಟಕ್ಕೆ ಕೂತರೆ ತಟ್ಟೆ ಖಾಲಿ. "ಏನ್ ಮಾಡ್ಲಿ ರೀ, ಎರಡ್ ಸಲ ಒಲೆ ಆಫಾಯ್ತು," ಅಂದರಂತೆ ಸಿಸ್ಟರಮ್ಮ.

ಆಮೇಲೆ ಅವರು ಅಕ್ಕನ ಊರಿಗೆ ಹೋಗಿ, ಬೇರೆ ಇನ್ಸ್‌ಪೆಕ್ಟರ ಮುಂದೆ ಓಡಿಸಿ ಲೈಸೆನ್ಸ್ ತಂದರು. ಒಬ್ಬರೇ ಇದ್ದಾಗ ಕಾರು ತೆಗೆದು ಊರೆಲ್ಲ ಸುತ್ತುತ್ತಿದ್ದರು. ಗಂಡ ಪಕ್ಕದಲ್ಲಿದ್ದರೆ ಮಾತ್ರ ಸ್ಟೀರಿಂಗ್ ಮುಟ್ಟಿದವರಲ್ಲ. ನಾನು ಅವರ ಮನೆಯ ಮಹಡಿಯಲ್ಲೇ ಬಾಡಿಗೆಗೆ ಇರುವುದಲ್ಲವೇ, ಒಮ್ಮೆ ಬಟ್ಟೆ ಒಣಹಾಕುತ್ತಾ ಹೇಳಿದರು: "ಲೈಸೆನ್ಸೇನೋ ಇದೆ ಮಗು. ಆದ್ರೆ ನಾನಿನ್ನೂ ಪಾಸಾಗಿಲ್ಲ." ಮೂವತ್ತು ವರ್ಷದಿಂದ ಅವರ ಕೊರಗು ಅದೊಂದೇ.

ಈ ಸಲ ಇಬ್ಬರೂ ದೇಶದ ಆ ತುದಿಯಲ್ಲಿರುವ ಮಗಳ ಮನೆಗೆ ಕಾರಿನಲ್ಲಿ ಹೋಗಿದ್ದರು. ಹೋಗುವಾಗ ಎಲ್ಲಾ ದಾರಿ ಫೇಲಪ್ಪನವರದೇ ಸವಾರಿ. ಅಲ್ಲಿ ಮಗಳು ಅಪ್ಪನನ್ನು ಹಿಡಿದು ಕಣ್ಣಿನ ಪೊರೆ ತೆಗೆಸಿಬಿಟ್ಟಳು. ಆರು ವಾರ ಗಾಡಿ ಓಡಿಸಬಾರದು ಅಂದರು ಡಾಕ್ಟರು. ಸುಮ್ಮನೆ ಇರಲಾರದ ಇವರು ಒಂದು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡೇ ಕೆಳಗಿಳಿದು, ಆ ಕಟ್ಟಡದವರ ಪಾರ್ಕಿಂಗಿಗೆಲ್ಲ ಮಾರ್ಕು ಕೊಡತೊಡಗಿದರು. ಐದು ದಿನಕ್ಕೆ ಮೂರು ದೂರು! ಮಗಳು ಕೈಮುಗಿದಳು.

"ಅಪ್ಪಾ, ನೀವಿಬ್ರೂ ರೈಲಲ್ಲಿ ಹೊರಡಿ. ಕಾರನ್ನ ಲಾರಿ ಮೇಲೆ ಕಳಿಸ್ತೀನಿ."

"ಲಾರಿ ಯಾಕೆ? ನಾನ್ ಓಡಿಸ್ತೀನಿ," ಅಂದರು ಸಿಸ್ಟರಮ್ಮ.

ಅಳಿಯ ಮೆಲ್ಲಗೆ ಎದ್ದು ಬಾಲ್ಕನಿಗೆ ಹೋದನಂತೆ.

"ಓಡಿಸು," ಅಂದರು ಫೇಲಪ್ಪನವರು. "ಆದ್ರೆ ಪಕ್ಕದಲ್ಲಿ ನಾನಿರ್ತೀನಿ. ಅಂದ್ಮೇಲೆ ಅದು ಟೆಸ್ಟು."

"ಆಗ್ಲಿ. ನಮ್ಮನೆ ಗೇಟು ಮುಟ್ಟೋವರ್ಗೂ ಟೆಸ್ಟು. ಪಾಸಾದ್ರೆ ನಿಮ್ ಕೈಯಾರೆ ಬರ್ದು ಸೈನ್ ಹಾಕ್ಬೇಕು."

"ಹತ್ತು ತಪ್ಪಾದ್ರೆ ಫೇಲು."

"ರೀ, ಹತ್ತು ನಿಮಿಷದ ಟೆಸ್ಟಿಗೂ ಹತ್ತು, ನಾಲ್ಕು ದಿನದ ಟೆಸ್ಟಿಗೂ ಹತ್ತಾ?"

"ರೂಲು ಅಂದ್ರೆ ರೂಲು ಕಣೇ."

ರಿಟೈರಾದ ದಿನ ಬೇರೆಯವರು ಗೋಡೆ ಗಡಿಯಾರ ತರುತ್ತಾರೆ, ಇವರು ಒಂದು ಕಟ್ಟು ಖಾಲಿ ಟೆಸ್ಟ್ ಫಾರಂ ತಂದಿದ್ದರು. ಅದು ಕಾರಿನಲ್ಲೇ ಇತ್ತು. ಫಾರಂ ತೊಡೆಯ ಮೇಲೆ ಬಂದದ್ದೇ ತಡ, 'ನೀನು' ಹೋಗಿ 'ನೀವು' ಬಂತು. ಮಗಳು ಗೇಟಿನಲ್ಲಿ ಅಳುತ್ತಾ ಟಾಟಾ ಮಾಡಿದಳು, ಸಿಸ್ಟರಮ್ಮನೂ ಅಳುತ್ತಾ ಕೈ ಬೀಸಿದರು.

"ಅಭ್ಯರ್ಥಿಗಳು ಸ್ಟೀರಿಂಗ್‌ನಿಂದ ಕೈ ತೆಗೆದಿದ್ದೀರಿ. ಒಂದು. ಕಣ್ಣೀರಿನಿಂದ ದೃಷ್ಟಿಗೆ ಅಡ್ಡಿ. ಎರಡು."

"ಥೂ, ಕಲ್ಲು ಹೃದಯ!"

"ಪರೀಕ್ಷಕರಿಗೆ ಬೈಗುಳ. ಮೂರು."

ಗೇಟು ದಾಟಿ ಇಪ್ಪತ್ತು ಅಡಿ ಆಗಿರಲಿಲ್ಲ, ಸಾವಿರದ ಎಂಟುನೂರು ಕಿಲೋಮೀಟರ್ ಬಾಕಿ ಇತ್ತು.

ಸಿಸ್ಟರಮ್ಮನೇನು ಕಡಿಮೆಯೇ? ನಾಲ್ಕು ಗಂಟೆಗೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಬೇಕಿತ್ತು. ಆಗ ಗಾಡಿ ಮರದ ನೆರಳಿಗೆ ನಿಲ್ಲುತ್ತಿತ್ತು, ಇನ್ಸ್‌ಪೆಕ್ಟರು ರೋಗಿಯಾಗುತ್ತಿದ್ದರು. "ತಲೆ ಹಿಂದೆ ಹಾಕಿ. ಮೇಲೆ ನೋಡಿ. ಮೇಲೆ ಅಂದ್ರೆ ಫಾರಂ ನೋಡೋದಲ್ಲ!" ಸಿಸ್ಟರಮ್ಮನದೂ ಒಂದು ಚಾರ್ಟಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ: 'ಮಧ್ಯಾಹ್ನ ಹನ್ನೆರಡು. ರೋಗಿ ಕಣ್ಣು ಮಿಟುಕಿಸಿದರು. ಸಹಕಾರ ಇಲ್ಲ. ಬಾಯಿ ಜಾಸ್ತಿ.'

ಎರಡನೇ ದಿನ ರಸ್ತೆಗೆ ಅಡ್ಡ ನಿಂತ ಎಮ್ಮೆಗೆ ಹಾರ್ನ್ ಹೊಡೆದದ್ದು ಅನಾವಶ್ಯಕ ಶಬ್ದ ಅಂತ ಐದನೇ ತಪ್ಪಾಯಿತು. "ಮತ್ತೇನು, ಎಮ್ಮೆಗೆ ಅರ್ಜಿ ಬರೀಬೇಕಿತ್ತಾ ಸಾರ್?" ಅಂದರು ಸಿಸ್ಟರಮ್ಮ. ಹೀಗೆ ಮೂರನೇ ದಿನದ ಮಧ್ಯಾಹ್ನಕ್ಕೆ ಲೆಕ್ಕ ಒಂಬತ್ತಕ್ಕೆ ಬಂದು ನಿಂತಿತು. ಇನ್ನೊಂದಾದರೆ ಮುಗಿಯಿತು.

ಊಟಕ್ಕೆ ನಿಂತಲ್ಲಿ ಒಬ್ಬ ಲಾರಿ ಡ್ರೈವರು ಫೇಲಪ್ಪನವರನ್ನು ಗುರುತು ಹಿಡಿದ. "ಸಾರ್! ನನ್ನ ನಾಲ್ಕು ಸಲ ಫೇಲ್ ಮಾಡಿದ್ರಿ."

"ಅದಕ್ಕೇ ಇನ್ನೂ ಬದುಕಿದ್ದೀಯ," ಅಂದರು ಇವರು, ತಟ್ಟೆಯಿಂದ ತಲೆ ಎತ್ತದೆ.

ಆತ ಕೈತೊಳೆಯುವ ನೆಪದಲ್ಲಿ ಸಿಸ್ಟರಮ್ಮನ ಹತ್ತಿರ ಬಂದು ಪಿಸುಗುಟ್ಟಿದ: "ಅಮ್ಮಾ, ನಿಮ್ಮೂರಿಗೆ ಮುಂಚೆ ಸಿಗೋ ಏರಲ್ಲಿ ಹುಷಾರು. ಅಲ್ಲಿ ಯಾವಾಗ್ಲೂ ಗಾಡಿ ನಿಂತಿರ್ತವೆ. ಹೊರಡೋವಾಗ ಬೆರಳಷ್ಟು ಹಿಂದೆ ಜಾರಿದ್ರೂ ಈ ಪುಣ್ಯಾತ್ಮ ಬಿಡಲ್ಲ. ನಾನು ಎರಡು ಸಲ ಫೇಲಾಗಿದ್ದೇ ಅಲ್ಲಿ."

ಆ ರಾತ್ರಿ ಸಿಸ್ಟರಮ್ಮನಿಗೆ ನಿದ್ದೆ ಹತ್ತಲಿಲ್ಲವಂತೆ. ಎಷ್ಟೋ ಜನರ ಹೊಟ್ಟೆ ಕೊಯ್ಯುವುದನ್ನು ನೋಡಿಯೂ ಅಲುಗದ ಕೈ, ಹಾಸಿಗೆಯಲ್ಲಿ ಗೇರು ಬದಲಾಯಿಸುತ್ತಿತ್ತಂತೆ.

ನಾಲ್ಕನೇ ದಿನ ಆ ಏರು ಬಂತು. ಮುಂದೆ ಸಾಲುಗಟ್ಟಿ ಲಾರಿ, ಹಿಂದೆ ಕನ್ನಡಿ ತುಂಬಾ ಬಸ್ಸಿನ ಮೂತಿ. ಕಾರು ನಿಂತಿತು. ಸಾಲು ಸರಿದಾಗ ಸಿಸ್ಟರಮ್ಮ ಹ್ಯಾಂಡ್‌ಬ್ರೇಕ್ ಹಿಡಿದು, ನರ ಹುಡುಕಿ ಸೂಜಿ ಇಳಿಸುವ ಹಾಗೆ ಕ್ಲಚ್ಚಿನಿಂದ ಕಾಲೆತ್ತಿದರು. ಕಾರು ಒಂದು ಕೂದಲೆಳೆಯೂ ಜಾರದೆ ಮುಂದೆ ಹೋಯಿತು. ಫೇಲಪ್ಪನವರ ಪೆನ್ನು ಗಾಳಿಯಲ್ಲೇ ನಿಂತಿತ್ತು.

"ಅಭ್ಯರ್ಥಿಗಳು..."

"ಏನ್ ಸಾರ್?"

"ಏನಿಲ್ಲ. ಮುಂದೆ ನೋಡಿ."

ಸಂಜೆ ಐದಕ್ಕೆ ಕಾರು ನಮ್ಮ ಬೀದಿಗೆ ತಿರುಗಿದಾಗ ನಾನು ಮಹಡಿಯಲ್ಲೇ ನಿಂತಿದ್ದೆ. ಮನೆ ಮುಂದೆ ಎಷ್ಟು ಚಂದ ನಿಲ್ಲಿಸಿದರು ಗೊತ್ತೇ! ಖುಷಿಯಲ್ಲಿ, ಇಂಜಿನ್ ಓಡುತ್ತಿದ್ದಂತೆಯೇ, ಗೇಟು ತೆಗೆಯಲು ಹಿಂದೆ ಮುಂದೆ ನೋಡದೆ ಬಾಗಿಲು ತೆರೆದರು. ಬ್ರೆಡ್ ಮಾರುವವನ ಸೈಕಲ್ಲು ಸೊಟ್ಟ ಹೊರಳಿ ಕಂಬಕ್ಕೆ ಒರಗಿತು. ಬ್ರೆಡ್ಡು ಬೀದಿಪಾಲು.

"ಏನ್ ಸಿಸ್ಟರಮ್ಮ, ನಿಮ್ಮ ವಾರ್ಡಿಗೇ ಸೇರಿಸ್ತಿದ್ರಲ್ಲ!"

ಅವನಿಗೆ ಏಟಾಗಿರಲಿಲ್ಲ. ಕಾರಿನೊಳಗೆ ಆಗಲೇ ಫೇಲಪ್ಪನವರು ಫಾರಂ ಮಡಚಿ ಜೇಬಿಗೆ ತುರುಕುತ್ತಿದ್ದರು.

"ಬರೀರಿ ಸಾರ್. ಹತ್ತು," ಅಂದರು ಸಿಸ್ಟರಮ್ಮ.

"ನಾನ್ ನೋಡ್ಲಿಲ್ಲ ಕಣೇ. ಕಣ್ಣಿಗೆ ಮುಚ್ಚಳ ಇದೆಯಲ್ಲ."

"ಮುಚ್ಚಳ ಇರೋದು ಆ ಕಡೆ ಕಣ್ಣಿಗೆ."

"ಟೆಸ್ಟು ಮುಗಿದಿತ್ತು. ಗೇಟ್ ಬಂತಲ್ಲ."

"ಮುಟ್ಟೋವರ್ಗೂ ಅಂತ ಮಾತು. ಮುಟ್ಟೋಕೇ ಇಳೀತಿದ್ದೆ. ರೀ, ಯಾರನ್ನೂ ಬಿಡದವ್ರು ಈಗ ನನ್ನ ಬಿಟ್ರೆ, ನಾನು ಪಾಸಾದೆ ಅಂತ ಹ್ಯಾಗೆ ನಂಬ್ಲಿ? ಬರೀರಿ."

ಅವರು ಬರೆದರು. ಎರಡು ದಿನ ಫೇಲಪ್ಪನವರಿಗೆ ಊಟ ಸೇರಲಿಲ್ಲ. ಫೇಲಾದವರು ಮಾತ್ರ ಹೊಟ್ಟೆ ತುಂಬಾ ಉಂಡು ಬ್ರೆಡ್ಡಿನವನಿಗೂ ಬಡಿಸಿದರು.

ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಇನ್ಸ್‌ಪೆಕ್ಟರು ಹಳೇ ರೂಲ್ ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ. "ಕೇಳೇ. ಫೇಲಾದವ್ರಿಗೆ ಮೂವತ್ತು ದಿನ ಆದ್ಮೇಲೆ ಮರುಪರೀಕ್ಷೆ. ಅದೇ ದಾರೀಲಿ."

"ಅದೇ ದಾರಿ ಅಂದ್ರೆ? ಮತ್ತೆ ಮಗಳ ಮನೆಯಿಂದಾ?"

"ರೂಲು ಅಂದ್ರೆ ರೂಲು."

ಮಗಳು ಫೋನಿನಲ್ಲಿ ಚೀರಿದ್ದು ನನ್ನ ಕೋಣೆಗೂ ಕೇಳಿಸಿತು: "ಅಪ್ಪನ್ನ ಮಾತ್ರ ಕೆಳಗೆ ಬಿಡ್ಬೇಡಮ್ಮ!"

ಈಗ ಆರು ವಾರ ಕಳೆದಿದೆ. ಗಾಡಿ ಓಡಿಸಬಹುದು ಅಂತ ಡಾಕ್ಟರು ಹೇಳಿಯಾಗಿದೆ, ಆದರೂ ಫೇಲಪ್ಪನವರು ಪಕ್ಕದ ಸೀಟು ಬಿಡುತ್ತಿಲ್ಲ. ಟೆಸ್ಟಿನ ಜಾಗಕ್ಕೆ ಹೋಗುವ ದಾರಿಯನ್ನೂ ಅಭ್ಯರ್ಥಿಗಳೇ ಓಡಿಸಬೇಕಂತೆ, ಅಭ್ಯಾಸವಾಗಲಿ ಅಂತ. ಬರುವ ಸೋಮವಾರ ಹೊರಡುತ್ತಾರೆ. ಅಷ್ಟರೊಳಗೆ ನೀವೊಮ್ಮೆ ಹೋಗಿ ಮಾತಾಡಿಸಿ. ಬೆಳಿಗ್ಗೆ ಏಳರಿಂದ ಎಂಟು, ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಸಿಗುತ್ತಾರೆ, ಬಿಳಿ ಕಾರು, ಒಳಗೆ ಜಗಳ. ಹತ್ತಿರ ಹೋಗಿ ಗಾಜು ತಟ್ಟಿ, ಹಿಂದಿನ ಸೀಟು ಖಾಲಿ ಇರುತ್ತದೆ.